ಯುರೋಪಿನ ಪ್ರೋಗ್ರೆಸಿವ್ ರಾಕ್: ಒಂದೊಂದೇ ನಾಡು ಹಿಡಿದು ಕೇಳುವ ಕ್ರಮ

ದೀರ್ಘ ರಚನೆ, ಕ್ಲಿಷ್ಟ ಲಯಗಳ ರಾಕ್ ಸಂಗೀತವಾದ ಪ್ರೋಗ್ರೆಸಿವ್ ರಾಕ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಪಿಂಕ್ ಫ್ಲಾಯ್ಡ್. ಇನ್ನು ಸ್ವಲ್ಪ ಆಸಕ್ತಿ ಬೆಳೆಸಿಕೊಂಡವರು ಜೆನೆಸಿಸ್, ಯೆಸ್, ಕಿಂಗ್ ಕ್ರಿಮ್ಸನ್ ಎನ್ನುತ್ತಾರೆ. ಬಹಳ ಮಂದಿಯ ಕೇಳ್ಮೆ ಅಲ್ಲಿಗೇ ನಿಂತುಬಿಡುತ್ತದೆ. ಈ ಸಂಗೀತ ರೂಪುಗೊಂಡದ್ದು ಇಂಗ್ಲೆಂಡಿನಲ್ಲೇ, ನಿಜ. ಆದರೆ 1970ರ ದಶಕದಲ್ಲಿ ಅದು ಮಿಲಾನ್, ರೋಮ್, ಮ್ಯೂನಿಕ್, ಪ್ಯಾರಿಸ್, ಬುಡಾಪೆಸ್ಟ್, ಸೆವಿಲ್ಯಾ, ಸ್ಕೋಪ್ಯೆ ಎಂದು ಹಬ್ಬಿತು. ಹೋದ ಕಡೆಯೆಲ್ಲ ಅಲ್ಲಿನ ಭಾಷೆ, ಜನಪದ ಧಾಟಿ, ಚರ್ಚಿನ ಗಾಯನ, ಬೀದಿಯ ರಾಜಕೀಯ ಎಲ್ಲವನ್ನೂ ಒಳಗೆ ಬಿಟ್ಟುಕೊಂಡಿತು. ಅಮೆರಿಕದ ಬ್ಲೂಸ್ ಅನ್ನು ಅನುಕರಿಸುವುದನ್ನು ಬಿಟ್ಟು ತಮ್ಮ ನೆಲದ ಸಂಗೀತವನ್ನೇ ಎಲೆಕ್ಟ್ರಿಕ್ ವಾದ್ಯಗಳಿಗೆ ಒಗ್ಗಿಸಿದರೆ ಏನಾಗುತ್ತದೆ ಎಂದು ಒಂದು ಇಡೀ ಖಂಡದ ಹುಡುಗ ಹುಡುಗಿಯರು ಪರೀಕ್ಷಿಸಿ ನೋಡಿದ ಕಾಲ ಅದು.

ಹಾಗಾಗಿ ‘ಸಾರ್ವಕಾಲಿಕ ನೂರು ಆಲ್ಬಮ್‌ಗಳು’ ಮಾದರಿಯ ಪಟ್ಟಿ ಹಿಡಿದು ಹೊರಡಬೇಡಿ. ಅಂಥ ಪಟ್ಟಿಗಳಲ್ಲಿ ಮೊದಲ ಇಪ್ಪತ್ತೂ ಇಂಗ್ಲಿಷಿನವೇ ಇರುತ್ತವೆ, ಹತ್ತನೆಯದಕ್ಕೆ ಬರುವಷ್ಟರಲ್ಲಿ ಕಿವಿ ದಣಿದಿರುತ್ತದೆ. ಒಂದು ನಾಡು ಹಿಡಿಯಿರಿ, ಅಲ್ಲಿ ಒಂದು ತಿಂಗಳು ನಿಲ್ಲಿರಿ, ಆಮೇಲೆ ಗಡಿ ದಾಟಿ. ಈ ಬರಹ ಆ ಕ್ರಮವನ್ನೇ ಅನುಸರಿಸುತ್ತದೆ.

ಮೊದಲು ಕೇಳುವ ಅಭ್ಯಾಸ

ಈ ಆಲ್ಬಮ್‌ಗಳು ಎಲ್‌ಪಿ ರೆಕಾರ್ಡಿಗಾಗಿ ರೂಪುಗೊಂಡವು. ಎಲ್‌ಪಿಯ ಒಂದು ಬದಿಗೆ ಸುಮಾರು 20ರಿಂದ 22 ನಿಮಿಷ ಹಿಡಿಯುತ್ತದೆ. ಈ ಪ್ರಕಾರದಲ್ಲಿ ಇಪ್ಪತ್ತು ನಿಮಿಷದ ಕೃತಿಗಳು ಯಾಕಿಷ್ಟು ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ: ಬದಿ ತಿರುಗಿಸಲು ಏಳುವವರೆಗಿನ ಅವಧಿಯನ್ನು ಒಂದೇ ರಚನೆಯಿಂದ ತುಂಬಲು ಸಂಗೀತಗಾರರು ಹಾತೊರೆಯುತ್ತಿದ್ದರು. ಮೊಬೈಲ್‌ನಲ್ಲಿ ಕೇಳುವಾಗಲೂ ಹಾಡುಗಳ ಲೆಕ್ಕ ಬಿಟ್ಟು ಬದಿಗಳ ಲೆಕ್ಕ ಇಟ್ಟುಕೊಳ್ಳಿ. ಒಂದು ಸಂಜೆಗೆ ಒಂದು ಬದಿ ಸಾಕು.

ಆ್ಯಪ್‌ನಲ್ಲಿ ಮೂರು ಬದಲಾವಣೆ ಮಾಡಿಕೊಳ್ಳಿ. ಶಫಲ್ ನಿಲ್ಲಿಸಿ. ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ, ಇಲ್ಲವಾದರೆ ಒಂದು ಭಾಗದ ಕೊನೆಯ ಮೌನದ ಮೇಲೆ ಮುಂದಿನ ಭಾಗ ಹತ್ತಿ ಕೂರುತ್ತದೆ. ಆಲ್ಬಮ್ ಮುಗಿದ ಮೇಲೆ ತಾನಾಗಿಯೇ ಬೇರೆ ಹಾಡು ಶುರುವಾಗುವ ಆಟೋಪ್ಲೇಯನ್ನೂ ಮುಚ್ಚಿ. ಇನ್ನೊಂದು ಎಚ್ಚರ: ಮರುಮುದ್ರಣಗೊಂಡ ಆವೃತ್ತಿಗಳಲ್ಲಿ ಮೂಲ ಆಲ್ಬಮ್ಮಿನ ಬಾಲಕ್ಕೆ ನಾಲ್ಕೈದು ಹೆಚ್ಚುವರಿ ತುಣುಕುಗಳನ್ನು ಕಟ್ಟಿರುತ್ತಾರೆ. ಅರೆಬೆಂದ ಡೆಮೊ, ರೇಡಿಯೊಗಾಗಿ ಕತ್ತರಿಸಿದ ರೂಪ ಇತ್ಯಾದಿ. ಮೂಲ ಎಲ್ಲಿ ಮುಗಿಯುತ್ತದೆಂದು ಮೊದಲೇ ನೋಡಿಕೊಂಡು ಅಲ್ಲಿಗೇ ನಿಲ್ಲಿಸಿ. ಕೊನೆಯ ಸ್ವರ ಕೊನೆಯದಾಗಿಯೇ ಉಳಿಯಬೇಕು.

ಪ್ರತಿ ಆಲ್ಬಮ್ಮನ್ನೂ ಮೂರು ಸಲ ಕೇಳಿ, ಮೂರೂ ಸಲ ಬೇರೆ ಬೇರೆ ರೀತಿಯಲ್ಲಿ. ಮೊದಲ ಸಲ ಏನನ್ನೂ ಓದದೆ, ಬೇರೆ ಕೆಲಸ ಮಾಡದೆ. ಎರಡನೆಯ ಸಲ ಸಾಹಿತ್ಯವನ್ನೋ ಅದರ ಅನುವಾದವನ್ನೋ ಎದುರಿಗೆ ಇಟ್ಟುಕೊಂಡು. ಮೂರನೆಯ ಸಲ ಒಂದೇ ವಾದ್ಯದ ಬೆನ್ನು ಹತ್ತಿ. ನನ್ನ ಸಲಹೆ ಬೇಸ್ ಗಿಟಾರ್. ಈ ಸಂಗೀತದಲ್ಲಿ ಬೇಸ್ ಬರೀ ಆಧಾರ ಹಿಡಿಯುವುದಿಲ್ಲ, ಸ್ವತಂತ್ರವಾಗಿ ಮಾತಾಡುತ್ತದೆ. ಅದನ್ನು ಹಿಂಬಾಲಿಸಿದವರಿಗೆ ರಚನೆಯ ನಕ್ಷೆ ತಾನಾಗಿ ತೆರೆದುಕೊಳ್ಳುತ್ತದೆ.

ಇಂಗ್ಲೆಂಡಿನಲ್ಲಿ ನಾಲ್ಕು ಆಲ್ಬಮ್, ಅದಕ್ಕಿಂತ ಹೆಚ್ಚು ಬೇಡ

ಆರಂಭಕ್ಕೆ ಕಿಂಗ್ ಕ್ರಿಮ್ಸನ್ ತಂಡದ ‘ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್’. 1969ರ ಅಕ್ಟೋಬರ್‌ನಲ್ಲಿ ಬಂದ ಈ ಆಲ್ಬಮ್ಮಿನಲ್ಲಿ ಜಾಝ್‌ನ ಉಗ್ರತೆಯೂ ಸಿಂಫನಿಯ ವಿಸ್ತಾರವೂ ಒಟ್ಟಿಗೇ ಇವೆ. ಮುಂದೆ ಯುರೋಪಿನ ಉದ್ದಗಲಕ್ಕೆ ಕೇಳಿಬರುವ ಹಲವು ಧ್ವನಿಗಳ ಮೂಲ ಇಲ್ಲಿದೆ. ಎರಡನೆಯದು ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’, 1972. ಇಡೀ ಆಲ್ಬಮ್ಮಿನಲ್ಲಿ ಇರುವುದು ಮೂರೇ ರಚನೆಗಳು, ಶೀರ್ಷಿಕೆಯ ರಚನೆ ಒಂದು ಬದಿಯನ್ನು ಪೂರ್ತಿ ತುಂಬಿದೆ. ಮೂರನೆಯದು ಅದೇ ವರ್ಷದ ಜೆನೆಸಿಸ್ ಆಲ್ಬಮ್ ‘ಫಾಕ್ಸ್‌ಟ್ರಾಟ್’. ನಾಲ್ಕನೆಯದಾಗಿ ಹೆಚ್ಚಿನವರು ಬೇರೆ ಹೆಸರು ಹೇಳಿಯಾರು, ನಾನು ವ್ಯಾನ್ ಡರ್ ಗ್ರಾಫ್ ಜನರೇಟರ್ ತಂಡದ ‘ಪಾನ್ ಹಾರ್ಟ್ಸ್’ ಎನ್ನುತ್ತೇನೆ. 1971ರದು. ಗಿಟಾರ್ ಹಿನ್ನೆಲೆಗೆ ಸರಿದು ಸ್ಯಾಕ್ಸೊಫೋನ್ ಮತ್ತು ಆರ್ಗನ್ ಮುಂದೆ ನಿಂತ, ಪೀಟರ್ ಹ್ಯಾಮಿಲ್ ಗಂಟಲು ಹರಿಯುವಂತೆ ಹಾಡುವ ಈ ಆಲ್ಬಮ್ ತವರಿನಲ್ಲಿ ಹೆಚ್ಚು ಸದ್ದು ಮಾಡಲಿಲ್ಲ. ಇಟಲಿಯಲ್ಲಿ ಮಾತ್ರ ಮೊದಲ ಸ್ಥಾನಕ್ಕೆ ಏರಿತು. ಅದೇ ನಮ್ಮ ಮುಂದಿನ ದಾರಿಯ ಕೈಮರ.

ಕ್ಯಾಂಟರ್ಬರಿ ಊರಿನ ಹೆಸರಿನಿಂದ ಗುರುತಿಸಲಾಗುವ ಸಾಫ್ಟ್ ಮಷೀನ್, ಕ್ಯಾರವಾನ್ ಮುಂತಾದ ತಂಡಗಳನ್ನು ಆಮೇಲೆ ಕೇಳಿದರೆ ನಡೆಯುತ್ತದೆ. ಈಗ ಅಲ್ಲಿಗೆ ಹೋದರೆ ಇಂಗ್ಲೆಂಡಿನಿಂದ ಹೊರಬರುವುದೇ ಆಗುವುದಿಲ್ಲ.

ಎಣಿಸುವುದನ್ನು ಕಲಿಯಿರಿ

ಈ ಸಂಗೀತದ ಬಗ್ಗೆ ಹೊಸಬರ ಮೊದಲ ದೂರು, ‘ತಾಳ ಹಿಡಿಯಲು ಆಗುವುದಿಲ್ಲ’ ಎಂಬುದು. ನಾಲ್ಕು ನಾಲ್ಕಾಗಿ ಎಣಿಸುವ ರಾಕ್ ಸಂಗೀತಕ್ಕೆ ಒಗ್ಗಿದ ಯುರೋಪಿನ ಕೇಳುಗರಿಗೆ ಏಳು, ಒಂಬತ್ತರ ಲೆಕ್ಕಗಳು ಕಷ್ಟವಾದದ್ದು ಸಹಜ. ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಕೂತು ತೊಡೆ ತಟ್ಟಿದವರಿಗೆ ಇದು ಹೊಸದೇನಲ್ಲ. ಏಳರ ಮಿಶ್ರ ಚಾಪು, ಐದರ ಖಂಡ ಚಾಪು ಗೊತ್ತಿರುವ ಕಿವಿ ಈ ಕೆಲಸಕ್ಕೆ ಆಗಲೇ ಅರ್ಧ ಸಿದ್ಧವಾಗಿದೆ.

ಪಿಂಕ್ ಫ್ಲಾಯ್ಡ್‌ನ 1973ರ ‘ಮನಿ’ ಹಾಡಿನಿಂದ ಶುರುಮಾಡಿ. ನಾಣ್ಯಗಳ ಸದ್ದಿನ ನಂತರ ಬರುವ ಬೇಸ್ ಸಾಲಿನ ಒಂದೊಂದು ಬಡಿತಕ್ಕೆ ‘ತ ಕಿ ಟ ತ ಕ ಧಿ ಮಿ’ ಎಂದು ಒಂದೊಂದು ಅಕ್ಷರ ಹೇಳಿ. ಏಳಕ್ಕೆ ಸುತ್ತು ಮುಗಿದು ಮತ್ತೆ ಮೊದಲಿಗೆ ಬರುತ್ತೀರಿ. ಸ್ಯಾಕ್ಸೊಫೋನ್ ಭಾಗದಲ್ಲೂ ಏಳೇ ಇರುತ್ತದೆ. ಗಿಟಾರ್ ಭಾಗ ಶುರುವಾದ ಕೂಡಲೆ ನಿಮ್ಮ ಎಣಿಕೆ ತಪ್ಪುತ್ತದೆ, ಯಾಕೆಂದರೆ ಅಲ್ಲಿ ತಾಳ ನಾಲ್ಕಕ್ಕೆ ಬದಲಾಗಿದೆ. ಆ ಬದಲಾವಣೆಯನ್ನು ಮೈಯಲ್ಲಿ ಗುರುತಿಸಿದ ದಿನ ನೀವು ಈ ಸಂಗೀತದ ಒಳಗೆ ಬಂದಿರಿ ಎಂದು ತಿಳಿಯಿರಿ.

ಮುಂದಿನ ಪಾಠ ‘ಫಾಕ್ಸ್‌ಟ್ರಾಟ್’ ಆಲ್ಬಮ್ಮಿನ ಕೊನೆಯ ರಚನೆ ‘ಸಪ್ಪರ್ಸ್ ರೆಡಿ’. ಸುಮಾರು 23 ನಿಮಿಷ, ಏಳು ಭಾಗ. ಆರನೆಯ ಭಾಗದಲ್ಲಿ ಡ್ರಮ್ ಮತ್ತು ಬೇಸ್ ಒಂಬತ್ತರ ಆವರ್ತವನ್ನು ಪಟ್ಟುಬಿಡದೆ ಹಿಡಿಯುತ್ತವೆ. ಅದು ಮೂರು, ಎರಡು, ನಾಲ್ಕಾಗಿ ಒಡೆದಿದೆ: ‘ತಕಿಟ ತಕ ತಕಧಿಮಿ’. ಇದನ್ನು ಹತ್ತಾರು ಸುತ್ತು ಬಾಯಲ್ಲಿ ಹೇಳುತ್ತಾ ಕೂತರೆ, ಮೇಲಿನ ಟೋನಿ ಬ್ಯಾಂಕ್ಸ್ ಅವರ ಆರ್ಗನ್ ಆ ಒಂಬತ್ತರ ಅಂಚುಗಳಿಗೆ ಕಟ್ಟುಬೀಳದೆ ಹೇಗೆ ದಾಟಿ ದಾಟಿ ಹೋಗುತ್ತದೆ ಎಂಬುದು ಕಾಣುತ್ತದೆ. ಕೆಳಗಿನ ಲೆಕ್ಕಕ್ಕೂ ಮೇಲಿನ ಲೆಕ್ಕಕ್ಕೂ ನಡುವೆ ಬಿಗಿತ ಏರುತ್ತಲೇ ಹೋಗಿ, ಕೊನೆಗೆ ಪೀಟರ್ ಗೇಬ್ರಿಯಲ್ ಅವರ ಧ್ವನಿ ಅದರ ಮೇಲೆ ಸ್ಫೋಟಿಸುತ್ತದೆ. ತನಿ ಆವರ್ತನದಲ್ಲಿ ಕೋರ್ವೆ ಮುಗಿದು ಸಮಕ್ಕೆ ಬಂದು ಬೀಳುವಾಗಿನ ರೋಮಾಂಚವನ್ನು ಬಲ್ಲವರಿಗೆ ನಾನು ಹೇಳುತ್ತಿರುವುದು ತಟ್ಟನೆ ಅರ್ಥವಾದೀತು.

ನಾಲ್ಕು ಕೀಬೋರ್ಡುಗಳ ಗುರುತು

ಗಿಟಾರಿನಷ್ಟೇ ಇಲ್ಲಿ ಕೀಬೋರ್ಡೂ ಮುಖ್ಯ. ಹ್ಯಾಮಂಡ್ ಆರ್ಗನ್ ಗುಡುಗುತ್ತದೆ, ಒರಟಾಗಿ ನಡುಗುತ್ತದೆ. ಆ ನಡುಕ ಅದರ ಜೊತೆಗಿರುವ ತಿರುಗುವ ಲೆಸ್ಲಿ ಸ್ಪೀಕರಿನದು. ಮೂಗ್ ಸಿಂಥಸೈಜರ್ ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತದೆ, ಕೊಳಲಿನಂತೆ ಜಾರಬಲ್ಲದು. ಪಿಯಾನೊ ನಿಮಗೆ ಗೊತ್ತೇ ಇದೆ.

ನಾಲ್ಕನೆಯದು ಮೆಲೊಟ್ರಾನ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ಈ ಯಂತ್ರದ ಪ್ರತಿ ಕೀಲಿಯ ಕೆಳಗೂ ಒಂದು ಮ್ಯಾಗ್ನೆಟಿಕ್ ಟೇಪಿನ ಪಟ್ಟಿ ಇರುತ್ತದೆ. ಅದರ ಮೇಲೆ ಪಿಟೀಲು ಗುಂಪು, ಕೊಳಲು ಅಥವಾ ಕೋರಸ್ಸಿನ ಒಂದು ಸ್ವರ ಮೊದಲೇ ಮುದ್ರಿತವಾಗಿರುತ್ತದೆ. ಕೀಲಿ ಒತ್ತಿದರೆ ಟೇಪ್ ಓಡುತ್ತದೆ, ಸುಮಾರು 8 ಸೆಕೆಂಡಿಗೆ ಮುಗಿಯುತ್ತದೆ, ಬಿಟ್ಟರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ಯಾವ ಸ್ವರವನ್ನೂ ಬೇಕಾದಷ್ಟು ಹೊತ್ತು ಹಿಡಿಯುವಂತಿಲ್ಲ. ನಿಜವಾದ ಪಿಟೀಲಿನಂತೆಯೂ ಕೇಳಿಸದ, ಯಂತ್ರದಂತೆಯೂ ಕೇಳಿಸದ, ತುಸು ಶ್ರುತಿ ಅಲುಗುವ ಆ ಶೋಕದ ಧ್ವನಿಯನ್ನು ‘ಫಾಕ್ಸ್‌ಟ್ರಾಟ್’ ಆರಂಭದಲ್ಲಿ ಬೇರೇನೂ ಅಡ್ಡಬಾರದೆ ಕೇಳಬಹುದು. ಒಮ್ಮೆ ಗುರುತು ಹತ್ತಿದರೆ ರೋಮ್‌ನಿಂದ ಸ್ಟಾಕ್‌ಹೋಮ್‌ವರೆಗೆ ಎಲ್ಲೆಲ್ಲೂ ಅದು ನಿಮ್ಮನ್ನು ಎದುರುಗೊಳ್ಳುತ್ತದೆ.

ಇಟಲಿ: ಇಲ್ಲಿ ಹೆಚ್ಚು ದಿನ ನಿಲ್ಲಿ

ಇಂಗ್ಲೆಂಡ್ ದಾಟಿದ ಮೇಲೆ ಮೊದಲ ನಿಲ್ದಾಣ ಇಟಲಿಯೇ ಆಗಬೇಕು. ಜೆನೆಸಿಸ್ ಕೂಡ ತವರಿಗಿಂತ ಮೊದಲು ಜನಪ್ರಿಯವಾದದ್ದು ಇಲ್ಲಿ. ಅಪೆರಾ ಕೇಳಿ ಬೆಳೆದ ಊರುಗಳಿಗೆ ನಾಟಕೀಯ ತಿರುವುಗಳುಳ್ಳ ದೀರ್ಘ ಕೃತಿಗಳು ಪರಕೀಯ ಎನಿಸಲಿಲ್ಲ. 1971ರಿಂದ 1974ರ ನಡುವೆ ಇಟಲಿಯ ತಂಡಗಳು ಹೊರತಂದ ಆಲ್ಬಮ್‌ಗಳ ಸಾಲು ಎಷ್ಟು ದಟ್ಟವಾಗಿದೆಯೆಂದರೆ, ಯುರೋಪಿನಲ್ಲಿ ಇಂಗ್ಲೆಂಡಿಗೆ ಸರಿಗಟ್ಟುವ ನಾಡು ಇದೊಂದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಿಲಾನಿನ ಪ್ರೆಮಿಯಾತಾ ಫೋರ್ನೆರಿಯಾ ಮಾರ್ಕೋನಿ ತಂಡದಿಂದ ಶುರುಮಾಡಿ. ಉದ್ದದ ಈ ಹೆಸರು ಒಂದು ಬೇಕರಿಯದು. ಎಲ್ಲರೂ ಪಿಎಫ್‌ಎಂ ಎನ್ನುತ್ತಾರೆ. 1972ರ ಅವರ ಮೊದಲ ಆಲ್ಬಮ್ ‘ಸ್ತೋರಿಯಾ ದಿ ಉನ್ ಮಿನುತೊ’ದಲ್ಲಿ ‘ಇಂಪ್ರೆಸಿಯೋನಿ ದಿ ಸೆತ್ತೆಂಬ್ರೆ’ ಎಂಬ ಹಾಡಿದೆ. ಸೆಪ್ಟೆಂಬರಿನ ಮುಂಜಾನೆ, ಮಂಜು, ಹೊಲ, ಒಬ್ಬಂಟಿ ಮನುಷ್ಯ. ಚರಣವನ್ನು ಬಹಳ ಮೆಲ್ಲಗೆ, ಪಿಸುಮಾತಿನ ಹಾಗೆ ಹಾಡುತ್ತಾರೆ. ಇನ್ನು ಪಲ್ಲವಿ ಬರಬೇಕು ಎಂದು ನಾವು ಕಾಯುವ ಜಾಗದಲ್ಲಿ ಮಾತು ಪೂರ್ತಿ ನಿಂತು ಮೂಗ್ ಏರುತ್ತದೆ. ಹಾಡಿನ ಪಲ್ಲವಿಯಲ್ಲಿ ಒಂದೂ ಪದವಿಲ್ಲ! ಹೇಳಬೇಕಾದದ್ದನ್ನು ಮಾತಿಗೆ ಒಪ್ಪಿಸದೆ ವಾದ್ಯದ ಕೈಗೆ ಕೊಟ್ಟ ಆ ಧೈರ್ಯ ಇಂದಿಗೂ ಮೈನವಿರೇಳಿಸುತ್ತದೆ. ಅದೇ ವರ್ಷದ ‘ಪೆರ್ ಉನ್ ಅಮಿಕೊ’ ಇನ್ನೂ ಪಳಗಿದ ಕೃತಿ. ಮೌರೊ ಪಗಾನಿ ಅವರ ಕೊಳಲು ಮತ್ತು ಪಿಟೀಲನ್ನು ಅಲ್ಲಿ ಗಮನಿಸಿ.

ಇಲ್ಲಿ ಒಂದು ನಿಯಮ ಹೇಳಿಬಿಡುತ್ತೇನೆ, ಎಲ್ಲ ನಾಡುಗಳಿಗೂ ಅನ್ವಯಿಸುತ್ತದೆ: ಮೂಲ ಭಾಷೆಯ ಆವೃತ್ತಿಯನ್ನೇ ಕೇಳಿ. ಪಿಎಫ್‌ಎಂ ಹಾಡುಗಳಿಗೆ ಕಿಂಗ್ ಕ್ರಿಮ್ಸನ್‌ನ ಗೀತರಚನೆಕಾರ ಪೀಟ್ ಸಿನ್‌ಫೀಲ್ಡ್ ಇಂಗ್ಲಿಷ್ ಸಾಹಿತ್ಯ ಬರೆದು 1973ರಲ್ಲಿ ‘ಫೋಟೋಸ್ ಆಫ್ ಗೋಸ್ಟ್ಸ್’ ಹೊರಬಂತು. ವೆನಿಸ್ ಕಡೆಯ ಲೆ ಓರ್ಮೆ ತಂಡದ ‘ಫೆಲೋನಾ ಎ ಸೊರೋನಾ’ ಆಲ್ಬಮ್ಮಿಗೆ ಪೀಟರ್ ಹ್ಯಾಮಿಲ್ ಇಂಗ್ಲಿಷ್ ಸಾಹಿತ್ಯ ಕೊಟ್ಟರು. ಇಬ್ಬರೂ ಸಮರ್ಥ ಕವಿಗಳೇ. ಆದರೂ ಇಟಾಲಿಯನ್ ಪದಗಳ ಕೊನೆಯ ತೆರೆದ ಸ್ವರಗಳ ಮೇಲೆ ನಿಂತ ಧಾಟಿ ಇಂಗ್ಲಿಷಿನಲ್ಲಿ ಮುಗ್ಗರಿಸುತ್ತದೆ. ಪದಗಳು ಸ್ವರದಲ್ಲೇ ಮುಗಿಯುವ ಕನ್ನಡವನ್ನು ದಿನವೂ ಆಡುವ ನಮಗೆ ಮೂಲದ ಹಾಡಿಕೆಯ ಸೊಗಸು ಬೇಗನೆ ಹಿಡಿಸುತ್ತದೆ.

ಎರಡನೆಯ ತಂಡ ರೋಮ್‌ನ ಬಾಂಕೊ ದೆಲ್ ಮುತುವೊ ಸೊಕ್ಕೊರ್ಸೊ. ಅವರ 1972ರ ಮೊದಲ ಆಲ್ಬಮ್ಮಿನ ಹೊದಿಕೆ ಹುಂಡಿಯ ಆಕಾರದಲ್ಲಿತ್ತು. ಗಡ್ಡಧಾರಿ ಗಾಯಕ ಫ್ರಾಂಚೆಸ್ಕೊ ದಿ ಜಾಕೊಮೊ ಅವರದು ಅಪೆರಾ ಗಾಯಕರ ಉಸಿರಿನ ಬಲವುಳ್ಳ ಧ್ವನಿ. ವಿತ್ತೋರಿಯೊ ಮತ್ತು ಜಾನ್ನಿ ನೊಚೆಂತಿ ಎಂಬ ಸಹೋದರರು ಇಬ್ಬರೂ ಕೀಬೋರ್ಡ್ ನುಡಿಸುತ್ತಾರೆ, ಒಬ್ಬರು ಆರ್ಗನ್, ಇನ್ನೊಬ್ಬರು ಪಿಯಾನೊ. ಅದೇ ವರ್ಷ ಬಂದ ‘ಡಾರ್ವಿನ್!’ ಜೀವವಿಕಾಸವನ್ನೇ ವಸ್ತುವಾಗಿಸಿಕೊಂಡ ಆಲ್ಬಮ್. ಮೊದಲ ರಚನೆಯೇ ಹದಿಮೂರು ನಿಮಿಷ ಮೀರುತ್ತದೆ. ಮೊದಲ ಸಲಕ್ಕೆ ಕೈಗೆ ಸಿಗದಿದ್ದರೆ ನಿರಾಶರಾಗಬೇಡಿ, ಮೂರನೆಯ ಸಲಕ್ಕೆ ಸಿಗುತ್ತದೆ.

ಮೂರನೆಯದು ಆರೆಯಾ. ಗಾಯಕ ದೆಮೆತ್ರಿಯೊ ಸ್ತ್ರಾತೊಸ್ ಗ್ರೀಕ್ ತಂದೆತಾಯಿಗಳಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿ ಇಟಲಿಗೆ ಬಂದವರು. ಮನುಷ್ಯನ ಕಂಠ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ವೈಜ್ಞಾನಿಕವಾಗಿ ಅಭ್ಯಾಸ ಮಾಡಿದ್ದರು. ಒಂದೇ ಕಾಲಕ್ಕೆ ಒಂದಕ್ಕಿಂತ ಹೆಚ್ಚು ಸ್ವರ ಹೊರಡಿಸಬಲ್ಲವರಾಗಿದ್ದರು. ಆರೆಯಾದ 1973ರ ಮೊದಲ ಆಲ್ಬಮ್ ಅರಬ್ಬಿ ಮಾತಾಡುವ ಹೆಣ್ಣುಧ್ವನಿಯಿಂದ ಆರಂಭವಾಗಿ ಬಾಲ್ಕನ್ ಕುಣಿತದ ಲಯಕ್ಕೆ ಜಿಗಿಯುತ್ತದೆ. ಕೆಂಡದಂಥ ಎಡಪಂಥೀಯ ರಾಜಕೀಯ, ಕೆಂಡದಂಥ ಜಾಝ್. ಸ್ತ್ರಾತೊಸ್ 1979ರಲ್ಲಿ ರಕ್ತದ ಕಾಯಿಲೆಯಿಂದ ತೀರಿಕೊಂಡಾಗ ಅವರಿಗೆ 34 ವರ್ಷ. ಚಿಕಿತ್ಸೆಗೆ ಹಣ ಕೂಡಿಸಲೆಂದು ಮಿಲಾನಿನಲ್ಲಿ ಏರ್ಪಾಡಾಗಿದ್ದ ಕಛೇರಿ ಅವರ ನೆನಪಿನ ಕಛೇರಿಯಾಯಿತು.

ಇಟಲಿ ಹಿಡಿಸಿದರೆ ಮ್ಯೂಸಿಯೊ ರೋಸೆನ್‌ಬಾಖ್, ಇಲ್ ಬಾಲ್ಲೆತ್ತೊ ದಿ ಬ್ರೊಂಜೊ, ನೇಪಲ್ಸ್‌ನ ಒಸಾನ್ನಾ ತಂಡಗಳು ಕಾದಿವೆ. ಹುಡುಕುವಾಗ ಹೆಸರುಗಳನ್ನು ಆಯಾ ಭಾಷೆಯ ಕಾಗುಣಿತದಲ್ಲೇ ಬರೆಯಿರಿ. ಅಕ್ಷರಗಳ ಮೇಲಿನ ಚುಕ್ಕೆ, ಗೆರೆಗಳು ತಪ್ಪಿದರೂ ಸಾಮಾನ್ಯವಾಗಿ ಸಿಗುತ್ತವೆ.

ಜರ್ಮನಿ, ಮತ್ತು ಬೆಂಗಳೂರಿಗೆ ಬಂದ ಒಂದು ದಾರಿ

ಇಟಲಿಯಿಂದ ಜರ್ಮನಿಗೆ ಬಂದರೆ ಕಿವಿಯನ್ನು ಬೇರೆ ರೀತಿ ಹೊಂದಿಸಿಕೊಳ್ಳಬೇಕು. ಯುದ್ಧಾನಂತರ ಹುಟ್ಟಿ ಬೆಳೆದ ಈ ಪೀಳಿಗೆಗೆ ಹಿರಿಯರ ಸಂಗೀತವೂ ಬೇಡವಾಗಿತ್ತು, ಅಮೆರಿಕದ ನಕಲೂ ಬೇಡವಾಗಿತ್ತು. ತಿರುವು ಮರುತಿರುವುಗಳ ಬದಲು ಅವರು ಪುನರಾವರ್ತನೆಯನ್ನು ಹಿಡಿದರು. ಕಲೋನಿನ ಕ್ಯಾನ್ ತಂಡದ ಹೋಲ್ಗರ್ ಚುಕಾಯ್ ಮತ್ತು ಇರ್ಮಿನ್ ಶ್ಮಿಟ್, ಸಂಯೋಜಕ ಸ್ಟಾಕ್‌ಹೌಸೆನ್ ಅವರ ಶಿಷ್ಯರು. ಅವರ 1971ರ ‘ಟಾಗೊ ಮಾಗೊ’ದಲ್ಲಿ ಸುಮಾರು 18 ನಿಮಿಷದ ‘ಹಾಲೆಲುವಾ’ ರಚನೆ ಒಂದು ಬದಿ ತುಂಬಿದೆ. ಡ್ರಮ್ ನುಡಿಸುವ ಯಾಕಿ ಲೀಬೆಟ್ಸೈಟ್ ಒಂದೇ ಲಯವನ್ನು ಹಿಡಿದು ಕೊನೆಯವರೆಗೆ ಬಿಡುವುದಿಲ್ಲ. ಐದನೆಯ ನಿಮಿಷಕ್ಕೆ ಬೇಸರ ಬರಬಹುದು. ಹತ್ತನೆಯ ನಿಮಿಷ ದಾಟಿದ ಮೇಲೆ ಅದರೊಳಗಿನ ಸಣ್ಣ ಸಣ್ಣ ಚಲನೆಗಳು ದೊಡ್ಡದಾಗಿ ಕಾಣತೊಡಗುತ್ತವೆ. ಡಸೆಲ್‌ಡಾರ್ಫಿನ ನೊಯ್ ತಂಡದ ‘ಹಾಲೊಗಾಲೊ’ ಇದಕ್ಕಿಂತ ಹಗುರ, ರಾತ್ರಿ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಬರ್ಲಿನ್ನಿನ ಟ್ಯಾಂಜರಿನ್ ಡ್ರೀಮ್ ತಂಡದ 1974ರ ‘ಫೀಡ್ರಾ’ ಪೂರ್ತಿ ಎಲೆಕ್ಟ್ರಾನಿಕ್ ಲೋಕ.

ಮ್ಯೂನಿಕ್‌ನ ಪೊಪೊಲ್ ವುಹ್ ತಂಡದ ಫ್ಲೋರಿಯಾನ್ ಫ್ರಿಕ್ಕೆ ಜರ್ಮನಿಯಲ್ಲಿ ದೊಡ್ಡ ಮೂಗ್ ಯಂತ್ರ ಹೊಂದಿದ್ದ ಮೊದಲಿಗರಲ್ಲೊಬ್ಬರು. ಅದನ್ನು ಬದಿಗಿಟ್ಟು ಪಿಯಾನೊಗೆ ಮರಳಿ 1972ರಲ್ಲಿ ‘ಹೊಸಿಯಾನ್ನಾ ಮಂತ್ರ’ ಮಾಡಿದರು. ಪಿಯಾನೊ, ಓಬೊ, ಪಿಟೀಲು, ಕೊರಿಯನ್ ಮೂಲದ ಗಾಯಕಿಯ ನಿರ್ಮಲ ಧ್ವನಿ, ಕೆಳಗೆ ತಂಬೂರಿ. ಡ್ರಮ್ಮೇ ಇಲ್ಲ. ರಾಕ್ ಎಂದು ಕರೆಯಲು ಮನಸ್ಸು ಬಾರದಷ್ಟು ಶಾಂತ. ನಾನು ಈ ಇಡೀ ಕಾಲದ ಅತ್ಯಂತ ಸುಂದರ ಆಲ್ಬಮ್ ಯಾವುದೆಂದರೆ ಇದನ್ನೇ ಹೇಳುತ್ತೇನೆ.

ಅದೇ ಮ್ಯೂನಿಕ್‌ನಲ್ಲಿ ಕ್ರಿಶ್ಚಿಯಾನ್ ಬುರ್ಚಾರ್ಡ್ ಕಟ್ಟಿದ ಎಂಬ್ರಿಯೊ ತಂಡವನ್ನು ಕನ್ನಡಿಗರು ತಪ್ಪಿಸಿಕೊಳ್ಳಲೇಬಾರದು. 1978ರಲ್ಲಿ ಈ ತಂಡ ಬಸ್ ಹತ್ತಿ ಅಫ್ಘಾನಿಸ್ತಾನದ ಮೂಲಕ ಭಾರತಕ್ಕೆ ಹೊರಟಿತು, ದಾರಿಯುದ್ದಕ್ಕೂ ಸ್ಥಳೀಯ ಸಂಗೀತಗಾರರ ಜೊತೆ ಕೂತು ನುಡಿಸಿತು. ಆ ಪ್ರಯಾಣದ ಧ್ವನಿಮುದ್ರಣಗಳೇ ‘ಎಂಬ್ರಿಯೊಸ್ ರೈಸೆ’ ಆಲ್ಬಮ್. ಬೆಂಗಳೂರಿನಲ್ಲಿ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ಬೆಳೆದ ಒಡನಾಟದಿಂದ ‘ಲೈಫ್’ ಎಂಬ ಆಲ್ಬಮ್ ಬಂತು. ಹಿಂದೆ ಎಂಬ್ರಿಯೊ ಜೊತೆ ನುಡಿಸಿದ್ದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ, 1983ರಲ್ಲಿ ಇದೇ ಕಾಲೇಜಿನ ಕಲಾವಿದರೊಂದಿಗೆ ಮ್ಯೂನಿಕ್‌ನ ಇಸಿಎಂ ರೆಕಾರ್ಡ್ ಸಂಸ್ಥೆಗೆ ‘ಜ್ಯೋತಿ’ ಧ್ವನಿಮುದ್ರಿಸಿದರು. ಅದರಲ್ಲಿ ಆರ್.ಎ. ರಮಾಮಣಿ ಅವರ ಗಾಯನವಿದೆ. ಮೇಲೆ ಹೇಳಿದ ‘ತಕಿಟ ತಕಧಿಮಿ’ ಎಣಿಕೆಯನ್ನು ನೀವು ಅಭ್ಯಾಸ ಮಾಡಿದ್ದರೆ, ಇಲ್ಲಿ ಅದನ್ನು ಮನೆಯವರ ಬಾಯಲ್ಲೇ ಕೇಳುತ್ತೀರಿ.

ಫ್ರಾನ್ಸ್, ಬೆಲ್ಜಿಯಂ: ಕಠಿಣವಾದರೂ ಬಿಡಬೇಡಿ

ಫ್ರಾನ್ಸಿನ ಮಾಗ್ಮಾ ತಂಡವನ್ನು ಕಟ್ಟಿದ ಡ್ರಮ್ ವಾದಕ ಕ್ರಿಸ್ತಿಯಾನ್ ವಾಂಡೆರ್ ತಮ್ಮ ಹಾಡುಗಳಿಗಾಗಿ ಕೊಬಾಯಿಯನ್ ಎಂಬ ಹೊಸ ಭಾಷೆಯನ್ನೇ ಸೃಷ್ಟಿಸಿದರು. ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ಮೇಲಿನ ಭಕ್ತಿಯೂ ಜರ್ಮನ್ ಸಂಯೋಜಕ ಕಾರ್ಲ್ ಓರ್ಫ್ ಅವರ ಸಾಮೂಹಿಕ ಗಾಯನದ ಅಬ್ಬರವೂ ಸೇರಿ ಹುಟ್ಟಿದ ಸಂಗೀತ ಇದು. 1973ರ ‘ಮೆಕಾನಿಕ್ ಡೆಸ್ಟ್ರುಕ್ಟಿವ್ ಕೊಮ್ಮಾಂಡೊ’ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಪಟ್ಟಿನಲ್ಲಿ ಕೇಳಿ. ನಡುವೆ ನಿಲ್ಲಿಸಿದರೆ ಕೆಲಸ ಕೆಟ್ಟಿತು. ಕೆಲವರಿಗೆ ಇದು ತಲೆನೋವು, ಕೆಲವರಿಗೆ ಬದುಕಿಡೀ ಬಿಡದ ಗುಂಗು. ಪ್ಯಾರಿಸ್ಸಿನಲ್ಲೇ ಉಳಿದುಹೋದ ಆಸ್ಟ್ರೇಲಿಯಾದ ಡೇವಿಡ್ ಆಲೆನ್ ಕಟ್ಟಿದ ಗಾಂಗ್ ತಂಡ ಇದಕ್ಕೆ ಪೂರ್ತಿ ವಿರುದ್ಧ: ಹಗುರ, ತುಂಟ, ನಗುವ ಸಂಗೀತ. ಮಾಗ್ಮಾ ಕೇಳಿದ ಮರುದಿನ ಗಾಂಗ್ ಕೇಳಿದರೆ ಹಿತವಾಗುತ್ತದೆ.

ಬೆಲ್ಜಿಯಂನ ಯೂನಿವೆರ್ ಝೀರೊ ತಂಡ ಬಸೂನ್, ಪಿಟೀಲು, ಹಾರ್ಮೋನಿಯಂ ಹಿಡಿದು ಕಗ್ಗತ್ತಲಿನಂಥ ಸಂಗೀತ ರಚಿಸಿತು. ಇಂಥ ತಂಡಗಳ ಕಡೆಗೆ ದೊಡ್ಡ ರೆಕಾರ್ಡ್ ಕಂಪನಿಗಳು ತಿರುಗಿಯೂ ನೋಡುತ್ತಿರಲಿಲ್ಲ. 1978ರ ಮಾರ್ಚ್ 12ರಂದು ಇಂಗ್ಲೆಂಡಿನ ಹೆನ್ರಿ ಕೌ ತಂಡ ಬೆಲ್ಜಿಯಂ, ಫ್ರಾನ್ಸ್, ಇಟಲಿ, ಸ್ವೀಡನ್‌ಗಳಿಂದ ಒಂದೊಂದು ತಂಡವನ್ನು ಲಂಡನ್ನಿಗೆ ಕರೆಸಿ ‘ರಾಕ್ ಇನ್ ಆಪೊಸಿಷನ್’ ಹೆಸರಿನಲ್ಲಿ ಕಛೇರಿ ನಡೆಸಿತು. ಆ ಐದು ತಂಡಗಳನ್ನು ಒಂದರ ಹಿಂದೆ ಒಂದು ಕೇಳುವುದು ಒಳ್ಳೆಯ ಒಂದು ತಿಂಗಳ ಪಾಠ.

ಕಬ್ಬಿಣದ ತೆರೆಯ ಆಚೆಗೆ

ಆಗ ಕಮ್ಯುನಿಸ್ಟ್ ಆಳ್ವಿಕೆಯಲ್ಲಿದ್ದ ಪೂರ್ವ ಯುರೋಪಿನ ಆಲ್ಬಮ್ ಕೇಳುವ ಮೊದಲು ಹೊದಿಕೆಯ ಮೇಲಿನ ಸಂಸ್ಥೆಯ ಹೆಸರು ನೋಡಿ. ಚೆಕೊಸ್ಲೊವಾಕಿಯಾದ ಸುಪ್ರಾಫೋನ್, ರುಮೇನಿಯಾದ ಎಲೆಕ್ಟ್ರೆಕಾರ್ಡ್, ಸೋವಿಯತ್ ಒಕ್ಕೂಟದ ಮೆಲೋದಿಯಾ ಎಲ್ಲವೂ ಸರ್ಕಾರದವು. ಯಾರ ರೆಕಾರ್ಡ್ ಬರಬೇಕು, ಯಾವ ಸಾಲು ಉಳಿಯಬೇಕು ಎಂಬುದನ್ನು ಕಚೇರಿಯಲ್ಲಿ ಕೂತವರು ತೀರ್ಮಾನಿಸುತ್ತಿದ್ದರು. ಹಾಗಾಗಿ ಕಲಾವಿದರು ಹಳೆಯ ಕಾವ್ಯ, ಜನಪದ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಗಳ ನೆರಳಿನಲ್ಲಿ ನಿಂತು ಮಾತಾಡಿದರು.

ಪೋಲೆಂಡಿನ ಚೆಸ್ವಾಫ್ ನ್ಯೆಮೆನ್ 1970ರ ‘ಎನಿಗ್ಮಾಟಿಕ್’ ಆಲ್ಬಮ್ಮಿನಲ್ಲಿ 19ನೇ ಶತಮಾನದ ಕವಿ ಸಿಪ್ರಿಯಾನ್ ನೊರ್ವಿದ್ ಅವರ ಶೋಕಗೀತೆಯನ್ನು ಹದಿನಾರು ನಿಮಿಷ ಹಾಡಿದ್ದಾರೆ. ಹ್ಯಾಮಂಡ್ ಮತ್ತು ಕೋರಸ್ಸಿನ ನಡುವೆ ಅವರ ಕಂಠ ಮುರಿದು ಮುರಿದು ಏರುವುದನ್ನು ಕೇಳಲು ಭಾಷೆ ಬರಬೇಕಾಗಿಲ್ಲ. ಹಂಗೇರಿಯ ಒಮೆಗಾ ತಂಡದ 1969ರ ‘ಮುತ್ತಿನ ಕೂದಲಿನ ಹುಡುಗಿ’ಯ ಹಾಡು ಯುರೋಪಿನಾದ್ಯಂತ ಹಬ್ಬಿತು. ಪ್ರಾಗ್‌ನ ಪ್ಲಾಸ್ಟಿಕ್ ಪೀಪಲ್ ಆಫ್ ದ ಯೂನಿವರ್ಸ್ ತಂಡದವರ 1976ರ ಬಂಧನ, ಮರುವರ್ಷದ ಚಾರ್ಟರ್ 77 ಎಂಬ ಮಾನವ ಹಕ್ಕುಗಳ ಹೇಳಿಕೆಗೆ ಪ್ರೇರಣೆಯಾಯಿತು. ರುಮೇನಿಯಾದ ಟಿಮಿಶೋರಾ ನಗರದ ಫೀನಿಕ್ಸ್ ತಂಡ 1975ರಲ್ಲಿ ಪುರಾಣದ ಪ್ರಾಣಿಗಳನ್ನು ಕುರಿತ ‘ಕಾಂತಾಫಾಬುಲೆ’ ಹೊರತಂದಿತು. ಎರಡು ವರ್ಷಗಳ ನಂತರ ತಂಡದ ಕೆಲವರು ಸ್ಪೀಕರ್ ಪೆಟ್ಟಿಗೆಗಳೊಳಗೆ ಅಡಗಿ ದೇಶದ ಗಡಿ ದಾಟಿದರು.

ಯುಗೊಸ್ಲಾವಿಯಾ ಸ್ವಲ್ಪ ಸಡಿಲವಾಗಿತ್ತು. ಇಂದಿನ ಉತ್ತರ ಮ್ಯಾಸಿಡೋನಿಯಾದ ಸ್ಕೋಪ್ಯೆಯಿಂದ ಬಂದ ಲೆಬ್ ಇ ಸೋಲ್ ತಂಡ ತನ್ನ ನಾಡಿನ ಜನಪದ ಲಯಗಳನ್ನು ಜಾಝ್ ರಾಕ್‌ಗೆ ಬೆಸೆಯಿತು. ಅಲ್ಲಿನ ಲೆಸ್ನೊತೊ ಕುಣಿತದ ಲೆಕ್ಕ ಮೂರು, ಎರಡು, ಎರಡು. ನಮ್ಮ ಮಿಶ್ರ ಚಾಪಿನ ಲೆಕ್ಕವೇ! ಕೈ ತಾನಾಗಿ ತಾಳ ಹಾಕುತ್ತದೆ.

ದಕ್ಷಿಣ, ಉತ್ತರ: ಬೇಗ ಬೇಗ

ಸ್ಪೇನಿನಲ್ಲಿ ಒಂದೇ ಕೇಳುವುದಾದರೆ ಸೆವಿಲ್ಯಾದ ತ್ರಿಯಾನಾ ತಂಡದ ‘ಎಲ್ ಪಾತಿಯೊ’. ಸರ್ವಾಧಿಕಾರಿ ಫ್ರಾಂಕೊ ಸತ್ತ 1975ರಲ್ಲೇ ಬಂದ ಈ ಆಲ್ಬಮ್ಮಿನಲ್ಲಿ ಫ್ಲಮೆಂಕೊ ಗಾಯನದ ಎಳೆತ ಮೆಲೊಟ್ರಾನ್, ಆರ್ಗನ್‌ಗಳ ಮೇಲೆ ಸಲೀಸಾಗಿ ಕೂತಿದೆ. ಬಾಸ್ಕ್ ಭಾಷೆಯಲ್ಲಿ ಹಾಡಿದ ಇತೊಯಿಸ್ ತಂಡದ 1978ರ ಮೊದಲ ಆಲ್ಬಮ್ಮೂ ಮಧುರ. ಗ್ರೀಸಿನ ಆಫ್ರೊಡೈಟೀಸ್ ಚೈಲ್ಡ್ ತಂಡದ ‘666’ ವಿಶಾಲ ಕೃತಿ. ಮುಂದೆ ಚಲನಚಿತ್ರ ಸಂಗೀತದಿಂದ ಹೆಸರಾದ ವಂಗೇಲಿಸ್ ಅದರ ರೂವಾರಿ. ಪೋರ್ಚುಗಲ್‌ನ ಜೋಸೆ ಸಿದ್ ಅವರ 1978ರ ಬಾಹ್ಯಾಕಾಶ ಕಥನವನ್ನು ಮೆಲೊಟ್ರಾನ್ ಪ್ರಿಯರು ಹುಡುಕಿಕೊಂಡು ಹೋಗುತ್ತಾರೆ.

ಉತ್ತರದಲ್ಲಿ ಸ್ವೀಡನ್ ಮುಖ್ಯ. ಸಾಮ್ಲಾ ಮಮ್ಮಾಸ್ ಮನ್ನಾ ತಂಡ ಹಳ್ಳಿಯ ಕುಣಿತದ ಹುಮ್ಮಸ್ಸನ್ನು ಕ್ಲಿಷ್ಟ ಲಯಗಳಿಗೆ ಕೂಡಿಸಿತು. ನೆದರ್ಲೆಂಡ್ಸ್‌ನ ಫೋಕಸ್, ಫಿನ್ಲೆಂಡಿನ ವಿಗ್ವಾಮ್ ತಂಡಗಳನ್ನು ಇವುಗಳ ಜೊತೆಗೇ ಕೇಳಬಹುದು.

ಹೆಸರಿನ ಬೆನ್ನು ಹತ್ತುವುದು

ಇಷ್ಟರ ಹೊತ್ತಿಗೆ ಒಂದು ನೋಟ್‌ಪುಸ್ತಕ ಬೇಕಾಗುತ್ತದೆ. ಕೇಳಿದ ಪ್ರತಿ ಆಲ್ಬಮ್ಮಿಗೂ ವರ್ಷ, ಊರು, ಭಾಷೆ, ಮುಖ್ಯ ವಾದ್ಯಗಳು, ನುಡಿಸಿದವರ ಹೆಸರು ಬರೆದಿಡಿ. ಮುಂದೇನು ಕೇಳಬೇಕೆಂದು ಆ್ಯಪ್ ಸೂಚಿಸುವುದಕ್ಕಿಂತ ನಿಮ್ಮ ಪುಟದ ಹೆಸರುಗಳು ಚೆನ್ನಾಗಿ ಸೂಚಿಸುತ್ತವೆ. ಹ್ಯಾಮಿಲ್ ಹೆಸರು ಹಿಡಿದರೆ ಇಂಗ್ಲೆಂಡಿನಿಂದ ವೆನಿಸ್‌ಗೆ ಹೋಗುತ್ತೀರಿ. ನ್ಯೆಮೆನ್ ಜೊತೆ ನುಡಿಸಿದವರನ್ನು ಹುಡುಕಿದರೆ ಎಸ್‌ಬಿಬಿ ಎಂಬ ಅಪ್ಪಟ ಪೋಲಿಷ್ ತಂಡ ಸಿಗುತ್ತದೆ. ಗಾಂಗ್‌ನ ಆಲೆನ್ ಹೆಸರು ನಾವು ಬೇಕೆಂದೇ ಬಿಟ್ಟುಬಂದ ಸಾಫ್ಟ್ ಮಷೀನ್ ಬಾಗಿಲಿಗೆ ತಲುಪಿಸುತ್ತದೆ.

ಒಂದೇ ಆಲ್ಬಮ್ಮಿನ ಹಲವು ಆವೃತ್ತಿಗಳು ಎದುರಾದಾಗ ಮೊದಲು ಮೂಲ ಮಿಶ್ರಣವನ್ನು ಕೇಳಿ. ಆಮೇಲೆ ಹೊಸ ರೀಮಿಕ್ಸ್ ಇದ್ದರೆ ಹೋಲಿಸಿ. ಪೊರ್ಕ್ಯುಪೈನ್ ಟ್ರೀ ತಂಡದ ಸ್ಟೀವನ್ ವಿಲ್ಸನ್ ಕಿಂಗ್ ಕ್ರಿಮ್ಸನ್, ಯೆಸ್, ಕ್ಯಾರವಾನ್ ಆಲ್ಬಮ್‌ಗಳಿಗೆ ಮಾಡಿದ ರೀಮಿಕ್ಸ್‌ಗಳಲ್ಲಿ ಹಿಂದೆ ಮಸುಕಾಗಿದ್ದ ಬೇಸ್ ಸಾಲುಗಳು ಸ್ಪಷ್ಟವಾಗಿ ಕೇಳುತ್ತವೆ. ಮೂರನೆಯ ಸಲದ ಕೇಳ್ಮೆಗೆ ಅವು ಬಹಳ ಉಪಯೋಗ.

ಇಂದಿನ ತಂಡಗಳು

1970ರ ದಶಕದ ಕೊನೆಗೆ ಚಿಕ್ಕ, ಒರಟು ಹಾಡುಗಳ ಪಂಕ್ ರಾಕ್ ಬಂತು, ಕಂಪನಿಗಳು ದೀರ್ಘ ಕೃತಿಗಳಿಂದ ಕೈತೊಳೆದುಕೊಂಡವು, ಈ ಸಂಗೀತ ಸತ್ತಿತು ಎಂದು ಪತ್ರಿಕೆಗಳು ಬರೆದವು. 1992ರಲ್ಲಿ ಸ್ವೀಡನ್ನಿನ ಎಂಗ್ಲಗೋರ್ಡ್ ಎಂಬ ಎಳೆಯರ ತಂಡ ಹಳೆಯ ಮೆಲೊಟ್ರಾನ್, ಹ್ಯಾಮಂಡ್, ಕೊಳಲು ಹೊತ್ತು ‘ಹಿಬ್ರಿಸ್’ ಹೊರತಂದಾಗ ಆ ಮಾತು ಸುಳ್ಳಾಯಿತು. ಪಿಯಾನೊದ ಬಿಡಿ ಸ್ವರಗಳಿಂದ ಶುರುವಾಗಿ ಬಿರುಗಾಳಿಯಾಗುವ ಅದರ ಮೊದಲ ರಚನೆಯನ್ನು ಕೇಳಿ. ಮರುವರ್ಷ ಅದೇ ನಾಡಿನ ಆನೆಕ್ಡೋಟೆನ್ ತಂಡದ ‘ವೇಮೋದ್’ ಬಂತು. ಇಂದು ನಾರ್ವೆಯ ವೊಬ್ಲರ್ ಆ ಪರಂಪರೆಯನ್ನು ಮುಂದುವರಿಸಿದೆ. 2017ರ ‘ಫ್ರಮ್ ಸೈಲೆನ್ಸ್ ಟು ಸಮ್‌ವೇರ್’ ಅವರ ಪಕ್ವ ಕೃತಿ. ಭಾರವಾದ ಗಿಟಾರ್ ಇಷ್ಟವಿದ್ದರೆ ವಾರ್ಸಾದ ರಿವರ್‌ಸೈಡ್ ತಂಡದ 2005ರ ‘ಸೆಕೆಂಡ್ ಲೈಫ್ ಸಿಂಡ್ರೋಮ್’, ಸ್ವೀಡನ್ನಿನ ಒಪೆತ್ ತಂಡದ 2011ರ ‘ಹೆರಿಟೇಜ್’ ಕೇಳಿ.

ಈ ತಂಡಗಳಲ್ಲಿ ಹಲವು ಈಗಲೂ ಸಣ್ಣ ಸಭಾಂಗಣಗಳಲ್ಲಿ ನುಡಿಸುತ್ತವೆ. ಇಷ್ಟವಾದದ್ದನ್ನು ಬ್ಯಾಂಡ್‌ಕ್ಯಾಂಪ್‌ನಂಥ ತಾಣಗಳಲ್ಲಿ ಹಣ ಕೊಟ್ಟು ಕೊಳ್ಳಿ, ಹೆಚ್ಚಿನ ಪಾಲು ನೇರವಾಗಿ ಅವರಿಗೇ ತಲುಪುತ್ತದೆ. ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಕೆಲಸಕ್ಕಿರುವ ನೆಂಟರಿದ್ದರೆ ಟಿಕೆಟ್ ಸಿಗುವ ದಿನ ವಿಚಾರಿಸಿಡಲು ಹೇಳಿ, ರಜೆಯ ಲೆಕ್ಕ ಅದಕ್ಕೆ ತಕ್ಕಂತೆ ಹಾಕಿಕೊಳ್ಳಿ.